ಅಲೆಚ್ ಹಿಮನದಿಯ ಮೂರು ಹಟ್ಟಿಗಳು: ರಾತ್ರಿ ಎಲ್ಲಿ ಉಳಿಯಬೇಕು?

ಊರಿನಲ್ಲಿ ಶಾಲೆಗಳಿಗೆ ರಜೆ ಹತ್ತಿರವಾಗುತ್ತಿದ್ದಂತೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. "ಸ್ವಿಟ್ಜರ್ಲೆಂಡಿಗೆ ಬರುತ್ತಿದ್ದೇವೆ. ರೈಲಿನಲ್ಲಿ ಮೇಲೆ ಹೋಗಿ ಹಿಮ ಮುಟ್ಟಿ, ಫೋಟೋ ತೆಗೆಸಿಕೊಂಡು ಇಳಿಯುವುದಷ್ಟೇ ಬೇಡ. ಹಿಮನದಿಯ ಪಕ್ಕದಲ್ಲಿ ಒಂದು ರಾತ್ರಿ ಇರಬೇಕು. ಎಲ್ಲಿ ಇರೋಣ?" ನಾನು ಬರ್ನ್ ನಗರಕ್ಕೆ ಬಂದು ಏಳು ವರ್ಷವಾಯಿತು. ಅಷ್ಟರಲ್ಲಿ ಅಲೆಚ್ ಹಿಮನದಿಯ ಅಂಚಿನ ಮೂರು ತಂಗುಮನೆಗಳಲ್ಲಿ ಮಲಗಿ ಎದ್ದಿದ್ದೇನೆ, ಒಂದರಲ್ಲಿ ಎರಡು ಸಲ. ಫೋನಿನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸಿದ ಉತ್ತರ ಒಮ್ಮೆ ನನ್ನ ಅಣ್ಣನಿಗೇ ಕಷ್ಟ ತಂದಿತ್ತು. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ಇಂಥ ತಂಗುಮನೆಯನ್ನು ಇಲ್ಲಿನ ಜರ್ಮನ್ ಭಾಷೆಯಲ್ಲಿ 'ಹ್ಯುಟ್ಟೆ' ಎನ್ನುತ್ತಾರೆ. ಸಾಗರದಿಂದ ಬಂದಿದ್ದ ಅಮ್ಮ ಆ ಮಾತು ಕೇಳಿದ ಕೂಡಲೇ "ಹಟ್ಟಿ ಎನ್ನು, ಅದಕ್ಕೇಕೆ ಬಾಯಿ ಅಷ್ಟು ಸೊಟ್ಟ ಮಾಡಬೇಕು" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಇವು ಹಟ್ಟಿಗಳೇ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಲೆಚ್ ಆಲ್ಪ್ಸ್ ಪರ್ವತಗಳ ಅತಿ ದೊಡ್ಡ ಹಿಮನದಿ, ಉದ್ದ ಸುಮಾರು 20 ಕಿಲೋಮೀಟರ್. 2001ರಲ್ಲಿ ಯುನೆಸ್ಕೋ ಇದನ್ನೂ ಸುತ್ತಲಿನ ಶಿಖರಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನದಿಯ ನೆತ್ತಿಯಲ್ಲಿ, ಸುಮಾರು 3,650 ಮೀಟರ್ ಎತ್ತರದಲ್ಲಿ ಮೊಂಕ್ಸ್‌ಯೋಖ್ ಹಟ್ಟಿ ಇದೆ. ಅದಕ್ಕಿಂತ ಕೆಳಗೆ, ಹಿಮದ ಹೊಳೆಗಳೆಲ್ಲ ಕೂಡುವ ಕಡೆ, 2,850 ಮೀಟರ್‌ನಲ್ಲಿ ಕೊಂಕೋರ್ಡಿಯಾ. ಇನ್ನೂ ಕೆಳಗೆ, ನದಿ ಬಲಕ್ಕೆ ಹೊರಳುವ ತಿರುವಿನ ಪಕ್ಕದ ಹುಲ್ಲಿನ ಕಣಿವೆಯಲ್ಲಿ, 2,363 ಮೀಟರ್‌ನಲ್ಲಿ ಮೆರ್ಯೆಲೆನ್. ಮೂರೂ ಒಂದೇ ಮಂಜುಗಡ್ಡೆಯ ಮೂರು ಮಗ್ಗುಲುಗಳು. ಆದರೆ ಅಲ್ಲಿ ಕಳೆಯುವ ರಾತ್ರಿಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ನಮ್ಮ ಜನ ಮೊದಲು ಎಡವುವುದು ಎಲ್ಲಿ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಈ ಮೂರರಲ್ಲಿ ಕಾಲಿಗೆ ತೀರಾ ಸುಲಭವಾದ ಹಟ್ಟಿಯೇ ಎದೆಗೆ ತೀರಾ ಕಷ್ಟದ್ದು.

ಅದು ಮೊಂಕ್ಸ್‌ಯೋಖ್. 'ಮೊಂಕ್' ಎಂದರೆ ಸನ್ಯಾಸಿ, ಪಕ್ಕದ 4,100 ಮೀಟರ್ ದಾಟಿದ ಶಿಖರದ ಹೆಸರು. 'ಯೋಖ್' ಎಂದರೆ ನೊಗ. ಎರಡು ಶಿಖರಗಳ ಹೆಗಲ ಮೇಲೆ ನೊಗ ಇಟ್ಟಂತೆ ಕಾಣುವ ತಗ್ಗಿಗೆ ಆ ಹೆಸರು. ಇಲ್ಲಿಗೆ ಹೋಗಲು ಮೊದಲು ಯುಂಗ್‌ಫ್ರಾವ್‌ಯೋಖ್ ರೈಲು ಹಿಡಿಯಬೇಕು. ಅಡಾಲ್ಫ್ ಗೈಯರ್-ಸೆಲ್ಲರ್ ಎಂಬ ಉದ್ಯಮಿ 1896ರಲ್ಲಿ ಶುರು ಮಾಡಿಸಿದ, ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ 1912ರಲ್ಲಿ ಮುಗಿದ, ಐಗರ್ ಮತ್ತು ಮೊಂಕ್ ಬೆಟ್ಟಗಳ ಹೊಟ್ಟೆಯೊಳಗೆ ಕೊರೆದ ದಾರಿ ಅದು. 3,454 ಮೀಟರ್‌ನ ನಿಲ್ದಾಣದಲ್ಲಿ ಇಳಿದು ಸುರಂಗದಿಂದ ಹೊರಗೆ ಬಂದರೆ ಯಂತ್ರದಿಂದ ತಟ್ಟಿ ಗಟ್ಟಿ ಮಾಡಿದ ಹಿಮದ ಹಾದಿ. ಸುಮಾರು ಒಂದು ಗಂಟೆ ನಡೆದರೆ, ಬಂಡೆಗೆ ಬೆನ್ನು ಆನಿಸಿ ನಿಂತ ಮರದ ಹಟ್ಟಿ. ಹಾದಿ ಬಿಟ್ಟು ಪಕ್ಕಕ್ಕೆ ಹೋಗದಿದ್ದರೆ ಹಗ್ಗ ಬೇಡ, ಮಾರ್ಗದರ್ಶಿ ಬೇಡ, ಒಳ್ಳೆಯ ಬೂಟು ಸಾಕು. ಆಳುಗಳಿದ್ದು ಊಟ ಬಡಿಸುವ ಹಟ್ಟಿಗಳಲ್ಲಿ ಇಡೀ ದೇಶದಲ್ಲೇ ಇದು ಎತ್ತರದ್ದು. ಇಷ್ಟೆಲ್ಲ ಓದಿದ ಯಾರಿಗಾದರೂ ಇದೇ ಸರಿ ಅನಿಸುತ್ತದೆ. ನನಗೂ ಅನಿಸಿತ್ತು.

ಅಣ್ಣ ಬಂದದ್ದು ಜುಲೈನಲ್ಲಿ. ನಲವತ್ತಾರು ವಯಸ್ಸು, ವರ್ಷಕ್ಕೆ ಎರಡು ಸಲ ಕುಮಾರಪರ್ವತ ಹತ್ತಿ ಇಳಿಯುವ ಕಾಲುಗಳು. ಬೆಳಿಗ್ಗೆ ಇಂಟರ್‌ಲಾಕನ್‌ನಲ್ಲಿ 566 ಮೀಟರ್‌ನಲ್ಲಿ ತಿಂಡಿ ತಿಂದವರು ಮಧ್ಯಾಹ್ನ ಹಿಮದ ಹಾದಿಯ ಮೇಲಿದ್ದೆವು. ಆ ಹಾದಿಯಲ್ಲಿ ಅವನು ಇಪ್ಪತ್ತು ಹೆಜ್ಜೆಗೊಮ್ಮೆ ನಿಂತಾಗಲೇ ನನಗೆ ತಿಳಿಯಬೇಕಿತ್ತು. ಸಂಜೆ ಚೆನ್ನಾಗಿಯೇ ಇದ್ದ. ಕೊನೆಯ ರೈಲು ಇಳಿದು ಹೋದ ಮೇಲೆ ಆ ಎತ್ತರದಲ್ಲಿ ಆವರಿಸುವ ಮೌನವನ್ನು ನಾವಿಬ್ಬರೂ ಹೊರಗೆ ನಿಂತು ಕೇಳಿಸಿಕೊಂಡೆವು. ಹಗಲೆಲ್ಲ ಸಾವಿರಾರು ಜನ ಓಡಾಡಿದ ಜಾಗ ಬಾಗಿಲು ಹಾಕಿದ ದೇವಸ್ಥಾನದಂತೆ ಆಗಿತ್ತು.

ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ತೋಳು ತಟ್ಟಿ ಎಬ್ಬಿಸಿದ. "ಪುಟ್ಟಿ, ಕಿಟಕಿ ಸ್ವಲ್ಪ ತೆರೆಯುತ್ತೀಯಾ? ಗಾಳಿಯೇ ಸಾಲುತ್ತಿಲ್ಲ." ಕಿಟಕಿ ಆಗಲೇ ತೆರೆದೇ ಇತ್ತು. ಹಾಸಿಗೆಯ ಮೇಲೆ ಮೊಣಕಾಲು ತಬ್ಬಿ ಕುಳಿತಿದ್ದ. ತಲೆಯ ಎರಡೂ ಬದಿ ಯಾರೋ ಕಟ್ಟಿಗೆಯಿಂದ ಒತ್ತಿ ಹಿಡಿದಂತೆ ನೋವು ಎಂದ. ಟಾರ್ಚಿನ ಬೆಳಕಿನಲ್ಲಿ ಅವನ ಉಗುರುಗಳ ಬಣ್ಣ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಇಬ್ಬರೂ ಕೆಳಗೆ ಊಟದ ಕೋಣೆಗೆ ಇಳಿದು ಕುಳಿತೆವು. ಅವನು ಎರಡೂ ಅಂಗೈಗಳ ನಡುವೆ ಬಿಸಿ ನೀರಿನ ಲೋಟ ಹಿಡಿದು, ಒಂದೊಂದೇ ಗುಟುಕು ಕುಡಿದು, ನಡುವೆ ಕಣ್ಣು ಮುಚ್ಚಿಕೊಂಡು ಉಸಿರು ಎಳೆಯುತ್ತಿದ್ದ. ವಾಂತಿ ಶುರುವಾಗಲಿಲ್ಲ, ನಡೆದರೆ ತೂರಾಡಲಿಲ್ಲ, ಮಾತು ತೊದಲಲಿಲ್ಲ. ಈ ಮೂರನ್ನೂ ನಾನು ಅರ್ಧ ಗಂಟೆಗೊಮ್ಮೆ ನೋಡುತ್ತಿದ್ದೆ. ಅವುಗಳಲ್ಲಿ ಯಾವುದಾದರೂ ಕಂಡಿದ್ದರೆ ಹಟ್ಟಿಯವರನ್ನು ಎಬ್ಬಿಸಬೇಕಿತ್ತು. ರೈಲು ಬೆಳಿಗ್ಗೆಯವರೆಗೆ ಇಲ್ಲ, ಕತ್ತಲಲ್ಲಿ ಇಳಿಯಲು ಬೇರೆ ದಾರಿಯೂ ಇಲ್ಲ. ರಾತ್ರಿ ಎರಡೂವರೆಗೆ ಶಿಖರ ಹತ್ತುವವರು ಹಣೆಗೆ ದೀಪ ಕಟ್ಟಿಕೊಂಡು ತಿಂಡಿಗೆ ಬಂದಾಗಲೂ ನಾವು ಅಲ್ಲೇ ಕುಳಿತಿದ್ದೆವು. ಮರುದಿನ ಮೊದಲ ರೈಲಿಗೆ ಇಳಿದೆವು. 2,061 ಮೀಟರ್‌ನ ಕ್ಲೈನೆ ಶೈಡೆಗ್ ತಲುಪುವಷ್ಟರಲ್ಲಿ ಅಣ್ಣನ ತಲೆನೋವು ಹೇಳದೆ ಕೇಳದೆ ಹೊರಟುಹೋಗಿತ್ತು.

ಇದರಲ್ಲಿ ಹಟ್ಟಿಯ ತಪ್ಪು ಏನೂ ಇಲ್ಲ. 3,650 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತ ಕಡಿಮೆ. ಹಾಗಾಗಿ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಅಷ್ಟೇ ಪಾಲಿನದು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಸುಮಾರು 500 ಮೀಟರ್‌ನಷ್ಟೇ ಏರಿಸಬೇಕು ಎಂಬುದು ವೈದ್ಯರು ಒಪ್ಪಿದ ಲೆಕ್ಕ. ನಾವು ಒಂದೇ ದಿನದಲ್ಲಿ ಮೂರು ಸಾವಿರ ಮೀಟರ್ ಏರಿ ಮಲಗಿದ್ದೆವು. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ನಮ್ಮ ಬೆಟ್ಟಗಳಲ್ಲಿ ಎಷ್ಟು ಹತ್ತಿದರೂ ಕಾಲು ಪಳಗುತ್ತದೆಯೇ ಹೊರತು ರಕ್ತಕ್ಕೆ ಈ ಎತ್ತರದ ಅಭ್ಯಾಸ ಆಗುವುದಿಲ್ಲ. ಗಟ್ಟಿಮುಟ್ಟಾದವರಿಗೆ ಏನೂ ಆಗುವುದಿಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ಎರಡನೆಯ ಸಲ ಗೆಳತಿಯೊಬ್ಬಳ ಜೊತೆ ಹೋದಾಗ ಮೊದಲು ಎರಡು ರಾತ್ರಿ ಕ್ಲೈನೆ ಶೈಡೆಗ್‌ನಲ್ಲಿ ಕಳೆದು, ಹಗಲು ಸುತ್ತಲಿನ ಇಳಿಜಾರುಗಳಲ್ಲಿ ಅಡ್ಡಾಡಿ, ಆಮೇಲೆ ಮೇಲೆ ಹೋದೆ. ಸಣ್ಣಗೆ ತಲೆ ಭಾರ ಇತ್ತು, ನಿದ್ದೆ ತುಂಡುತುಂಡಾಗಿ ಬಂತು, ಅಷ್ಟೇ. ಅಂದು ಬೆಳಿಗ್ಗೆ ಕಂಡದ್ದನ್ನು ಹೇಳದಿದ್ದರೆ ಈ ಹಟ್ಟಿಗೆ ಅನ್ಯಾಯ ಮಾಡಿದಂತೆ. ಪೂರ್ವಕ್ಕೆ 'ನಿತ್ಯಹಿಮದ ಬಯಲು' ಎಂಬ ಅರ್ಥದ ಎವಿಗ್‌ಷ್ನೇಫೆಲ್ಡ್ ಹರಡಿಕೊಂಡಿದೆ. ಸೂರ್ಯ ಬರುವ ಮೊದಲು ಅದು ತಿಳಿನೀಲಿ, ಆಮೇಲೆ ಕ್ಷಣಕಾಲ ದಾಸವಾಳದ ಒಣಗಿದ ಎಸಳಿನ ಬಣ್ಣ, ನಂತರ ಕಣ್ಣು ಬಿಡಲಾಗದ ಬಿಳಿ. ಮೊಂಕ್ ಶಿಖರದ ಏಣಿನ ಮೇಲೆ ಹತ್ತುವವರ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಉಳಿದ ಎರಡು ಹಟ್ಟಿಗಳಲ್ಲಿ ಈ ನೋಟ ಇಲ್ಲವೇ ಇಲ್ಲ. ಆದರೆ ಇಲ್ಲಿಂದ ಕಾಣುವುದು ಹಿಮ, ಹಿಮನದಿ ಅಲ್ಲ. ನದಿ ಹುಟ್ಟುವ ತೊಟ್ಟಿಲು ಇದು. ಹರಿಯುವ ಮಂಜುಗಡ್ಡೆ, ಅದರ ಬಿರುಕು, ಅದರ ಸದ್ದು ಬೇಕು ಎನ್ನುವವರು ಕೆಳಗೆ ಇಳಿಯಬೇಕು.

ಕೊಂಕೋರ್ಡಿಯಾದ ಬಗ್ಗೆ ನಾನು ಪಕ್ಷಪಾತಿ, ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮೂರರಲ್ಲಿ ನನ್ನ ಮನಸ್ಸು ಉಳಿದಿರುವುದು ಅಲ್ಲೇ.

ಅಲ್ಲಿಗೆ ಹೋಗಲು ಹಿಮನದಿಯ ಮೇಲೆ ನಡೆಯದೆ ಮಾಮೂಲು ದಾರಿ ಇಲ್ಲ. ಆಗಸ್ಟ್ ಕೊನೆಯ ವಾರ, ವಲೇ ಪ್ರಾಂತದ ಒಬ್ಬ ಮಾರ್ಗದರ್ಶಿಯ ಜೊತೆ ಐದು ಜನ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಯುಂಗ್‌ಫ್ರಾವ್‌ಯೋಖ್‌ನಿಂದ ಇಳಿದೆವು. ಮೇಲ್ಭಾಗದಲ್ಲಿ ಬಿರುಕುಗಳ ಮೇಲೆ ಹಿಮದ ಹೊದಿಕೆ ಇರುತ್ತದೆ. ಕಾಣುವ ಬಿರುಕಿಗಿಂತ ಕಾಣದ ಬಿರುಕೇ ಅಪಾಯ. ಅಲ್ಲಿ ಹಗ್ಗವಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. ಹಗ್ಗ ಹಿಮದ ಮೇಲೆ ಸಡಿಲವಾಗಿ ಎಳೆಯಬಾರದು, ಮುಂದಿನವನನ್ನು ಜಗ್ಗಲೂಬಾರದು. ಮೊದಲ ಒಂದು ಗಂಟೆ ನಾನು ಶಿಖರಗಳನ್ನು ನೋಡಲೇ ಇಲ್ಲ, ಹಗ್ಗವನ್ನಷ್ಟೇ ನೋಡುತ್ತಿದ್ದೆ. ಒಂದು ಕಡೆ ಮಾರ್ಗದರ್ಶಿ ನಿಂತು, ಕೋಲಿನಿಂದ ಚುಚ್ಚಿ, ಎರಡು ಮಾರು ಆಚೆಗೆ ಸರಿದು ದಾಟಿಸಿದರು. ದಾಟುವಾಗ ಬಗ್ಗಿ ನೋಡಿದೆ. ಅಂಗೈಯಗಲದ ತೂತು. ಅದರೊಳಗೆ ನೀಲಿ, ಆ ನೀಲಿಯ ಕೆಳಗೆ ಇನ್ನೂ ಕಡು ನೀಲಿ, ಆಮೇಲೆ ಏನೂ ಇಲ್ಲ.

ಮೂರು ದೊಡ್ಡ ಹಿಮದ ಹೊಳೆಗಳು ಕೂಡುವ ಬಯಲೇ ಕೊಂಕೋರ್ಡಿಯಾಪ್ಲಾಟ್ಸ್. ಪಶ್ಚಿಮದಿಂದ ಗ್ರೋಸರ್ ಅಲೆಚ್‌ಫಿರ್ನ್, ನಾವು ಇಳಿದು ಬಂದ ಯುಂಗ್‌ಫ್ರಾವ್‌ಫಿರ್ನ್, ಆಚೆಯಿಂದ ಎವಿಗ್‌ಷ್ನೇಫೆಲ್ಡ್. ನಮ್ಮಲ್ಲಿ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರುವುದನ್ನು ನೋಡಿ ಬೆಳೆದವಳು ನಾನು. ಇಲ್ಲಿಯೂ ಸಂಗಮವೇ, ಆದರೆ ಬೆರೆಯುವುದಿಲ್ಲ. ಹೊಳೆಗಳು ತಮ್ಮ ಅಂಚಿನಲ್ಲಿ ಹೊತ್ತು ತಂದ ಕಲ್ಲುಮಣ್ಣು ಕೂಡಿದ ಜಾಗದಲ್ಲಿ ಕಪ್ಪು ಪಟ್ಟೆಯಾಗಿ ನಿಂತು, ಎರಡು ಸೀರೆ ಅಂಚುಗಳಂತೆ ನದಿಯ ಉದ್ದಕ್ಕೂ ಕೊನೆಯವರೆಗೆ ಸಾಗುತ್ತವೆ. ಅಲೆಚ್‌ನ ಯಾವ ಚಿತ್ರ ನೋಡಿದರೂ ಕಣ್ಣಿಗೆ ಬೀಳುವ ಆ ಎರಡು ಗೆರೆಗಳು ಹುಟ್ಟುವುದು ಇಲ್ಲೇ. ಕಾಲಡಿಯ ಮಂಜುಗಡ್ಡೆಯ ದಪ್ಪ ಇಲ್ಲಿ ಸುಮಾರು 800 ಮೀಟರ್. ಜೋಗದ ಗುಂಡಿಯನ್ನು ಮೂರು ಸಲ ತುಂಬಿದರೂ ಅಷ್ಟು ಆಳ ಆಗುವುದಿಲ್ಲ.

ಹಟ್ಟಿ ಎರಡು ಗಂಟೆ ಮೊದಲೇ ಕಾಣಿಸುತ್ತದೆ. ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಸಂಜೆ ನಾಲ್ಕಕ್ಕೆ ಬಂಡೆಯ ಬುಡ ತಲುಪಿ, ಬೂಟಿಗೆ ಕಟ್ಟಿದ್ದ ಉಕ್ಕಿನ ಹಲ್ಲುಗಳನ್ನು ಬಿಚ್ಚಿ ತಲೆ ಎತ್ತಿದರೆ ಎದುರಿಗೆ ಕಬ್ಬಿಣದ ಮೆಟ್ಟಿಲು. ಬಂಡೆಗೆ ಬೋಲ್ಟು ಹೊಡೆದು ನಿಲ್ಲಿಸಿದ, ಕೆಳಗಿನ ಆಳ ಜಾಲರಿಯ ಮೂಲಕ ಕಾಣುವ, 450ಕ್ಕೂ ಹೆಚ್ಚು ಮೆಟ್ಟಿಲುಗಳು. 1877ರಲ್ಲಿ ಇಲ್ಲಿ ಮೊದಲ ಹಟ್ಟಿ ಕಟ್ಟಿದಾಗ ಅದು ಮಂಜುಗಡ್ಡೆಗಿಂತ ಬರೀ 50 ಮೀಟರ್ ಮೇಲಿತ್ತು. ಹಟ್ಟಿ ಮೇಲಕ್ಕೆ ಹೋಗಲಿಲ್ಲ, ನದಿಯೇ ಕುಸಿಯುತ್ತಾ ಕುಸಿಯುತ್ತಾ ಈಗ ಸುಮಾರು 200 ಮೀಟರ್ ಕೆಳಗೆ ಹೋಗಿದೆ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಕೆಳತುದಿಗೆ ಹೊಸ ಮೆಟ್ಟಿಲು ಸೇರಿಸುತ್ತಾ ಬಂದಿದ್ದಾರೆ. ಬೆಟ್ಟದ ದೇವಸ್ಥಾನಗಳಲ್ಲಿ ಹರಕೆ ಹೊತ್ತು ಮೆಟ್ಟಿಲು ಕಟ್ಟಿಸಿದವರ ಹೆಸರು ಓದುತ್ತಾ ಹತ್ತಿದವರು ನಾವು. ಇಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದ್ದು ಬಿಸಿಲು. ಹತ್ತುವಾಗ ಬಲಗೈಯಲ್ಲಿ ಹಿಡಿದ ಸರಳು ನೆರಳಿನಲ್ಲಿ ಚರ್ಮಕ್ಕೆ ಅಂಟುವಷ್ಟು ತಣ್ಣಗಿತ್ತು. ಪಕ್ಕದ ಬಂಡೆ ಮಾಸದ, ಪಾಚಿ ಹತ್ತದ ತಿಳಿ ಬೂದು ಬಣ್ಣ. ತುಂಬಾ ಮೇಲೆ, ಒಂದು ಗೆರೆಯಿಂದಾಚೆ, ಕಲ್ಲು ಕಪ್ಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹಿಮನದಿ ಅಲ್ಲಿಯವರೆಗೆ ಇತ್ತು. ಆ ಗೆರೆಯನ್ನು ನೋಡುತ್ತಾ ನಾನು ಅರ್ಧದಲ್ಲಿ ನಿಂತುಬಿಟ್ಟೆ. ದಣಿವು ಹೌದು, ಆದರೆ ದುಃಖ ಅದಕ್ಕಿಂತ ಹೆಚ್ಚು. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಹತ್ತನೇ ಒಂದು ಪಾಲನ್ನು ಕಳೆದುಕೊಂಡವು ಎಂದು ಓದಿದ್ದೆ. ಓದಿದ್ದು ತಲೆಗೆ ಹೋಗಿತ್ತು. ಮೆಟ್ಟಿಲ ಮೇಲೆ ಅದು ಮೊಣಕಾಲಿಗೆ ತಿಳಿಯಿತು.

ಕೊಂಕೋರ್ಡಿಯಾ ಸ್ವಿಸ್ ಆಲ್ಪೈನ್ ಕ್ಲಬ್ಬಿನ ಹಟ್ಟಿ. 1863ರಲ್ಲಿ ಹುಟ್ಟಿದ ಈ ಕ್ಲಬ್ಬು ದೇಶದಾದ್ಯಂತ 150ಕ್ಕೂ ಹೆಚ್ಚು ಹಟ್ಟಿಗಳನ್ನು ನಡೆಸುತ್ತದೆ. ಇಲ್ಲಿ ಸುಮಾರು 150 ಜನ ಮಲಗಬಹುದು. ಸಾಲು ಹಾಸಿಗೆ, ದಿಂಬು, ಕಂಬಳಿ. ಒಳಗೆ ಹಾಕಿಕೊಳ್ಳುವ ತೆಳು ರೇಷ್ಮೆ ಅಥವಾ ಹತ್ತಿಯ ಚೀಲ ನಾವೇ ತರಬೇಕು. ಬೂಟುಗಳನ್ನು ಹೊರಗಿನ ಕೋಣೆಯಲ್ಲಿ ಬಿಟ್ಟು ಅಲ್ಲಿಟ್ಟಿರುವ ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವ ನಿಯಮ, ನಮ್ಮ ಮನೆಗಳ ಹಾಗೆಯೇ. ಸಾಮಾನೆಲ್ಲ ಹೆಲಿಕಾಪ್ಟರಿನಲ್ಲಿ ಬರುತ್ತದೆ. ಹಾಗಾಗಿ ನೀರಿನ ಬಾಟಲಿಯ ಬೆಲೆ ಕೇಳಿ ಹೌಹಾರಬೇಡಿ. ರಾತ್ರಿ ಹತ್ತಕ್ಕೆ ದೀಪ ಆರುತ್ತದೆ. ನನಗೆ ನಿದ್ದೆ ಬಂದದ್ದು ಹನ್ನೆರಡಕ್ಕೆ, ಆದರೆ ತಲೆನೋವಿನಿಂದಲ್ಲ. ಕಿಟಕಿಯ ಹೊರಗಿನಿಂದ ಆಗಾಗ ಮರದ ತೊಲೆ ಸೀಳಿದಂಥ ಸದ್ದು ಬರುತ್ತಿತ್ತು. ಮಂಜುಗಡ್ಡೆ ಸರಿಯುವ ಸದ್ದು. ಕೊಂಕೋರ್ಡಿಯಾದ ಹತ್ತಿರ ಅದು ವರ್ಷಕ್ಕೆ 180 ಮೀಟರ್‌ನಷ್ಟು, ಅಂದರೆ ದಿನಕ್ಕೆ ಸುಮಾರು ಅರ್ಧ ಮೀಟರ್ ಹರಿಯುತ್ತದೆ. ನಾನು ಹಾಸಿಗೆಯಲ್ಲಿದ್ದ ಎಂಟು ಗಂಟೆಯಲ್ಲಿ ಆ ಇಡೀ ಬಯಲು ಮುಕ್ಕಾಲು ಗೇಣು ಮುಂದೆ ಹೋಗಿತ್ತು.

ಆ ಹರಿವು ಮರೆಯುವುದೂ ಇಲ್ಲ. 1926ರಲ್ಲಿ ಪಕ್ಕದ ಲೋಟ್ಶೆನ್ ಕಣಿವೆಯ ಮೂವರು ಸಹೋದರರು ಈ ಹಿಮನದಿಯ ಮೇಲೆ ಕಾಣೆಯಾದರು. ಅವರ ಮೂಳೆಗಳು, ಹಳೆಯ ಬೂಟು, ಕೋಲುಗಳ ಜೊತೆಗೆ ಮಂಜುಗಡ್ಡೆಯ ಮೇಲೆ ದಾರಿಹೋಕರ ಕಣ್ಣಿಗೆ ಬಿದ್ದದ್ದು 2012ರಲ್ಲಿ. ಮಾರ್ಗದರ್ಶಿ ಊಟದ ಮೇಜಿನಲ್ಲಿ ಈ ಕಥೆ ಹೇಳಿದಾಗ ನಮ್ಮ ಹಗ್ಗದ ಐವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮರುದಿನ ಬರೀ ಮಂಜುಗಡ್ಡೆಯ ಮೇಲೆ, ಮೆರ್ಯೆಲೆನ್ ಕಡೆಗೆ ಇಳಿಯುವ ದಾರಿ. ಹಿಮದ ಹೊದಿಕೆ ಇಲ್ಲದ ಕಾರಣ ಬಿರುಕುಗಳೆಲ್ಲ ಬಾಯಿ ತೆರೆದೇ ಇರುತ್ತವೆ. ಬೆಳಿಗ್ಗೆ ಗಾಜಿನಂತೆ ಹೆಪ್ಪುಗಟ್ಟಿದ್ದ ಸಣ್ಣ ಹರಿವುಗಳು ಹನ್ನೊಂದರ ಬಿಸಿಲಿಗೆ ಝರಿಗಳಾಗಿ, ಮಂಜುಗಡ್ಡೆಯಲ್ಲೇ ಕೊರೆದ ದುಂಡನೆಯ ಬಾವಿಗಳೊಳಗೆ ಧುಮುಕುತ್ತಿದ್ದವು. ಇಡೀ ಪ್ರವಾಸದಲ್ಲಿ ತೀರಾ ತೊಡಕಿನ ಜಾಗ ಕೊನೆಯ ಅರ್ಧ ಗಂಟೆ, ನದಿಯಿಂದ ದಡಕ್ಕೆ ಹತ್ತುವಲ್ಲಿ. ಅಂಚಿನಲ್ಲಿ ಮಂಜುಗಡ್ಡೆ ಚೂರುಚೂರಾಗಿ ಒಡೆದಿರುತ್ತದೆ, ನಿನ್ನೆಯ ದಾರಿ ಇಂದು ಇರುವುದಿಲ್ಲ. ನಕ್ಷೆ ನೋಡಿಕೊಂಡು ನಾವೇ ಹೋಗುತ್ತೇವೆ ಎನ್ನುವವರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ. ಗುಂಪಿನಲ್ಲಿ ಸೇರಿಕೊಂಡರೂ ಮಾರ್ಗದರ್ಶಿಯ ಶುಲ್ಕ ತಲೆಗೆ ಕೆಲವು ನೂರು ಫ್ರಾಂಕ್ ಆಗುತ್ತದೆ. ಉಳಿಸಬೇಕಾದ ಹಣ ಅದಲ್ಲ.

ಮೂರನೆಯದು ಮೆರ್ಯೆಲೆನ್. ಇದನ್ನು ಕೆಲವರು ಹಿಮನದಿ ನಡಿಗೆಯ ಕೊನೆಯಲ್ಲಿ ಸೂಪು ಕುಡಿಯುವ ಜಾಗ ಎಂದಷ್ಟೇ ಲೆಕ್ಕಕ್ಕೆ ಇಡುತ್ತಾರೆ. ನಾನೂ ಮೊದಲ ಸಲ ಹಾಗೆಯೇ ದಾಟಿ ಹೋಗಿದ್ದೆ. ಮಲಗಿದ್ದು ಅಮ್ಮ ಬಂದ ಮೇಲೆ, ಮರುವರ್ಷದ ಸೆಪ್ಟೆಂಬರಿನಲ್ಲಿ.

ಅಮ್ಮನಿಗೆ ಅರವತ್ತಾರು, ಎಡ ಮೊಣಕಾಲು ಸ್ವಲ್ಪ ತಕರಾರು. ಫಿಯೆಶ್ ಊರಿನಿಂದ ಕೇಬಲ್ ಕಾರಿನಲ್ಲಿ 2,212 ಮೀಟರ್‌ನ ಫಿಯೆಶರ್‌ಆಲ್ಪ್‌ಗೆ ಏರಿ, ಅಲ್ಲಿಂದ ಬಂಡಿದಾರಿಯಂಥ ಅಗಲ ಹಾದಿಯಲ್ಲಿ ನಡೆದೆವು. ದಾರಿಯಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಸುರಂಗ ಇದೆ. ಬೆಟ್ಟದ ಏಣು ಹತ್ತಿ ಇಳಿಯುವ ಶ್ರಮವನ್ನು ಅದು ಪೂರ್ತಿ ತಪ್ಪಿಸುತ್ತದೆ. ಒಳಗೆ ತೊಟ್ಟಿಕ್ಕುವ ನೀರು, ಮಂದ ದೀಪ. ಅಮ್ಮ ನನ್ನ ಮುಂಗೈ ಹಿಡಿದುಕೊಂಡೇ ನಡೆದರು. ಆಚೆ ತುದಿಯಲ್ಲಿ ಬೆಳಕಿಗೆ ಬಂದಾಗ ಹುಲ್ಲು, ಕೆರೆ, ಮುಖ, ಮೊಣಕಾಲು, ಪಾದ ಕಪ್ಪಾಗಿ ಉಳಿದ ಮೈಯೆಲ್ಲ ಬಿಳಿ ಉಣ್ಣೆ ತುಂಬಿದ ವಲೇ ಕುರಿಗಳು. "ಇದು ನಿಜವಾದ ಹಟ್ಟಿ" ಎಂದರು ಅಮ್ಮ. ಬೇರೆಯವರು ಗಂಟೆ ಕಾಲಿನಲ್ಲಿ ಮುಗಿಸುವ ದಾರಿಗೆ ನಾವು ಎರಡು ಗಂಟೆ ತೆಗೆದುಕೊಂಡೆವು. ಹಟ್ಟಿಯಿಂದ ಹಿಮನದಿ ನೇರವಾಗಿ ಕಾಣುವುದಿಲ್ಲ, ಇದು ಇದರ ಕೊರತೆ. ಕಣಿವೆಯಲ್ಲಿ ಇನ್ನೂ ಅರ್ಧ ಗಂಟೆಗೂ ಮೇಲೆ, ಮಂಜುಗಡ್ಡೆ ಉಜ್ಜಿ ನಯ ಮಾಡಿದ ಬಂಡೆಗಳ ಮೇಲೆ ಇಳಿಯಬೇಕು. ಅಮ್ಮ ಕೊನೆಯ ಬಂಡೆಯವರೆಗೂ ಬಂದರು. ಕುಳಿತು, ಆ ಅಗಲವಾದ ಬಿರುಕುಬಿರುಕು ಮೈಯನ್ನು ತುಂಬಾ ಹೊತ್ತು ನೋಡಿ, "ಇದು ಉಸಿರಾಡುತ್ತಿದೆ ಕಣೇ" ಎಂದರು. ಬಿರುಕುಗಳಿಂದ ಬರುತ್ತಿದ್ದ ತಣ್ಣನೆಯ ಗಾಳಿ ನಮ್ಮ ಮುಖಕ್ಕೆ ಅಲೆಅಲೆಯಾಗಿ ತಾಗುತ್ತಿತ್ತು.

ಈ ಕಣಿವೆಯಲ್ಲಿ ಒಂದು ಕಾಲಕ್ಕೆ ದೊಡ್ಡ ಸರೋವರ ಇತ್ತು. ಹಿಮನದಿಯೇ ಅದಕ್ಕೆ ಅಣೆಕಟ್ಟು. ಆ ಮಂಜುಗಡ್ಡೆಯ ಗೋಡೆ ಬಿಟ್ಟುಕೊಟ್ಟಾಗಲೆಲ್ಲ ಕೆಳಗಿನ ಊರುಗಳಿಗೆ ಪ್ರವಾಹ. ಹಿಮನದಿ ಬೆಳೆಯದಿರಲಿ ಎಂದು ಫಿಯೆಶ್‌ನ ಜನ 1678ರಲ್ಲಿ ಹರಕೆ ಹೊತ್ತರು, ಆಮೇಲೆ ವರ್ಷವರ್ಷವೂ ಮೆರವಣಿಗೆ ಹೋಗಿ ಪ್ರಾರ್ಥಿಸುತ್ತಾ ಬಂದರು. ಹಿಮನದಿ ಕರಗುತ್ತಾ ಸರೋವರವೇ ಬತ್ತಿ ಸಣ್ಣ ಕೆರೆಗಳಾಗಿ ಉಳಿದ ಮೇಲೆ ಅದೇ ಜನ ಪೋಪ್ ಅವರ ಒಪ್ಪಿಗೆ ಕೇಳಿದರು. 2010ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಹಿಮನದಿ ಕುಗ್ಗದಿರಲಿ ಎಂದು ಪ್ರಾರ್ಥಿಸುತ್ತಾರೆ. ಇದನ್ನು ಹೇಳಿದಾಗ ಅಮ್ಮ, ಮಳೆಗಾಗಿ ಪೂಜೆ ಮಾಡಿಸಿ, ಅದು ಅತಿಯಾದಾಗ ನಿಲ್ಲಲೆಂದು ಮತ್ತೆ ಮಾಡಿಸಿದ ನಮ್ಮೂರಿನ ವರ್ಷವೊಂದನ್ನು ನೆನಪಿಸಿಕೊಂಡರು.

ನಿದ್ದೆಯ ವಿಷಯದಲ್ಲಿ ಮೆರ್ಯೆಲೆನ್‌ಗೆ ಸಾಟಿ ಇಲ್ಲ. 2,363 ಮೀಟರ್ ಎತ್ತರ ಬಹುತೇಕರಿಗೆ ತೊಂದರೆ ಕೊಡುವುದಿಲ್ಲ. ಅಮ್ಮ ರಾತ್ರಿ ಒಮ್ಮೆ ಎದ್ದದ್ದು ನಕ್ಷತ್ರ ನೋಡಲು.

ಊಟದ ಮಾತು. ಮೂರೂ ಕಡೆ ರಾತ್ರಿ ಊಟ ಮತ್ತು ಬೆಳಗಿನ ತಿಂಡಿ ಸೇರಿಸಿ ದರ ಹೇಳುತ್ತಾರೆ. ಇಂಥ ಎತ್ತರದ ಹಟ್ಟಿಗಳಲ್ಲಿ ತಲೆಗೆ ಸುಮಾರು 80ರಿಂದ 100 ಫ್ರಾಂಕ್ ಇಟ್ಟುಕೊಳ್ಳಿ. ಕ್ಲಬ್ಬಿನ ಸದಸ್ಯರಿಗೆ ಅದರ ಹಟ್ಟಿಗಳಲ್ಲಿ ರಿಯಾಯಿತಿ ಇದೆ. ಸೂಪು, ಒಂದು ಮುಖ್ಯ ಊಟ, ಸಿಹಿ. ಎಲ್ಲರಿಗೂ ಒಂದೇ ಹೊತ್ತಿಗೆ, ಉದ್ದ ಮೇಜಿನಲ್ಲಿ, ಅಪರಿಚಿತರ ಜೊತೆ ಭುಜ ತಾಗಿಸಿ. ಗಿರಿಗದ್ದೆಯಲ್ಲಿ ಚಾರಣಿಗರಿಗೆ ಅನ್ನ ಸಾರು ಬಡಿಸುವ ಪಂಕ್ತಿಯೇ ಇದು ಎಂದು ಅಣ್ಣ ಮೊದಲ ದಿನವೇ ಖುಷಿಪಟ್ಟಿದ್ದ. ಸಸ್ಯಾಹಾರಿಗಳು ಜಾಗ ಕಾದಿರಿಸುವಾಗಲೇ ಹೇಳಬೇಕು, ಮತ್ತು ಸೂಪಿನ ಬಗ್ಗೆ ಬೇರೆಯಾಗಿ ಕೇಳಬೇಕು. ತರಕಾರಿ ಸೂಪನ್ನು ಮಾಂಸದ ರಸದಲ್ಲಿ ಕುದಿಸುವುದು ಇಲ್ಲಿ ಸಾಮಾನ್ಯ. ಬೇರೊಂದು ಕಡೆ, ಅದರ ಹೆಸರು ಇಲ್ಲಿ ಬೇಡ, ಹೇಳಿದ್ದರೂ ಆಲೂಗಡ್ಡೆಯ ನಡುವೆ ಹಂದಿಮಾಂಸದ ಚೂರು ಸಿಕ್ಕಿ ನಾನು ಬ್ರೆಡ್ಡು ಚೀಸಿನಲ್ಲೇ ರಾತ್ರಿ ಕಳೆದಿದ್ದೇನೆ. ಅಂದಿನಿಂದ ಚಟ್ನಿಪುಡಿಯ ಡಬ್ಬಿ ಇಲ್ಲದೆ ಹೊರಡುವುದಿಲ್ಲ. ಬೇಳೆ, ಅಕ್ಕಿ ಒಯ್ದು ನಾವೇ ಬೇಯಿಸುತ್ತೇವೆ ಎನ್ನುವ ಯೋಚನೆ ಬಿಡಿ. ಮೊಂಕ್ಸ್‌ಯೋಖ್‌ನ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವುದೇ ಇಲ್ಲ.

ಮೇಲಿನ ಎರಡು ಹಟ್ಟಿಗಳಲ್ಲಿ ಸ್ನಾನದ ಮಾತಿಲ್ಲ. ಮೊಂಕ್ಸ್‌ಯೋಖ್‌ನಲ್ಲಿ ನೀರೆಂದರೆ ಕರಗಿಸಿದ ಹಿಮ. ಕಿವಿಗೆ ಹತ್ತಿ ಒಯ್ಯಿರಿ, ಗೊರಕೆಗೆ ಎತ್ತರದ ಭೇದವಿಲ್ಲ. ಜುಲೈ, ಆಗಸ್ಟ್‌ನ ಶನಿವಾರಗಳಿಗೆ ತಿಂಗಳುಗಳ ಮೊದಲೇ ಜಾಗ ಕಾದಿರಿಸಿ. ಬರಲಾಗದಿದ್ದರೆ ಹೇಳಿ ರದ್ದು ಮಾಡಿ, ಹಟ್ಟಿಯವರು ತಲೆ ಎಣಿಸಿ ಊಟ ತರಿಸಿರುತ್ತಾರೆ. ಖರ್ಚಿನಲ್ಲಿ ದೊಡ್ಡದು ಹಟ್ಟಿಯಲ್ಲ, ಯುಂಗ್‌ಫ್ರಾವ್‌ಯೋಖ್ ರೈಲು. ಬೇಸಿಗೆಯಲ್ಲಿ ಇಂಟರ್‌ಲಾಕನ್‌ನಿಂದ ಹೋಗಿಬರಲು 200 ಫ್ರಾಂಕ್‌ಗೂ ಹೆಚ್ಚು. ಹಾಫ್ ಫೇರ್ ಕಾರ್ಡ್ ಇದ್ದರೆ ಅರ್ಧ. ಮೆರ್ಯೆಲೆನ್‌ಗೆ ಆ ಖರ್ಚೇ ಇಲ್ಲ.

ಮಕ್ಕಳು, ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಯೋಚಿಸಬೇಡಿ, ಮೆರ್ಯೆಲೆನ್‌ಗೆ ಹೋಗಿ. ಹೃದಯದ, ಶ್ವಾಸಕೋಶದ ತೊಂದರೆ ಇರುವವರು ಮೊಂಕ್ಸ್‌ಯೋಖ್‌ನಲ್ಲಿ ರಾತ್ರಿ ಉಳಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಹಗಲು ಹೋಗಿ, ಚಹಾ ಕುಡಿದು, ಕೊನೆಯ ರೈಲಿಗೆ ಇಳಿದರೂ ಅರ್ಧದಷ್ಟು ಸುಖ ಸಿಗುತ್ತದೆ. ಆರು ಗಂಟೆ ನಡೆಯಬಲ್ಲವರು, ಎರಡು ದಿನ ಬಿಡುವು ಇರುವವರು ಕೊಂಕೋರ್ಡಿಯಾ ಬಿಟ್ಟು ಬೇರೆ ಕಡೆ ನೋಡಲೇಬೇಡಿ. ಆ ಮೆಟ್ಟಿಲುಗಳು ಇನ್ನೂ ಉದ್ದವಾಗುವ ಮೊದಲು ಒಮ್ಮೆ ಹತ್ತಿ.

ಮುಂದಿನ ಆಗಸ್ಟ್‌ಗೆ ಅಣ್ಣ ಮತ್ತೆ ಬರುತ್ತಿದ್ದಾನೆ. ಎಲ್ಲರೂ ಇಳಿಯುವ ದಾರಿಯನ್ನು ನಾವು ಹತ್ತಲಿದ್ದೇವೆ, ನದಿಗೆ ಎದುರಾಗಿ. ಮೊದಲ ಎರಡು ರಾತ್ರಿ ಮೆರ್ಯೆಲೆನ್, ಮೂರನೆಯ ರಾತ್ರಿ ಕೊಂಕೋರ್ಡಿಯಾ, ನಾಲ್ಕನೆಯ ದಿನ ಯುಂಗ್‌ಫ್ರಾವ್‌ಯೋಖ್ ತಲುಪಿ ಸಂಜೆಯ ರೈಲಿಗೆ ಕೆಳಗೆ. ನಡಿಗೆ ಜಾಸ್ತಿ, ಏರು ಜಾಸ್ತಿ, ಆದರೆ ಮಲಗುವ ಎತ್ತರ ದೇಹ ಒಪ್ಪುವಷ್ಟೇ ಏರುತ್ತದೆ. ಅದೇ ಮಾರ್ಗದರ್ಶಿ ಬರಲು ಒಪ್ಪಿದ್ದಾರೆ. ಮೆರ್ಯೆಲೆನ್‌ನ ಎರಡು ರಾತ್ರಿಗೂ ಮೂರು ಹಾಸಿಗೆ ಕಾದಿರಿಸಿದ್ದೇನೆ. ಅಲ್ಲಿಯವರೆಗೆ ತಾನೂ ಬರುವುದಾಗಿ ಅಮ್ಮ ಹೇಳಿದ್ದಾರೆ.